ಬಿಂಬುಳಿ ರಸ ಮತ್ತು ಕಾರಣ ಹೇಳುವ ಯಂತ್ರ

ನನ್ನ ಅತ್ತೆಗೂ ನನಗೂ ಮದ್ದಿನ ವಿಷಯದಲ್ಲಿ ಎಂದೂ ಸರಿಬಂದದ್ದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಕೋಪ ಮೂಗಿನ ತುದಿಯಲ್ಲೇ ಇರುವವಳು. ಅವರದು ಜ್ವರಕ್ಕೆ ಕಷಾಯ, ಕೆಮ್ಮಿಗೆ ಕಷಾಯ. ನನ್ನ ಕೋಪಕ್ಕೂ ಒಂದು ಕಷಾಯ ಇದ್ದಿದ್ದರೆ ಕುದಿಸಿಯೇ ಬಿಡುತ್ತಿದ್ದರು. ನಾನು ಏನಾದರೂ ಅಂದರೆ, "ಹಿತ್ತಿಲ ಗಿಡ ಮದ್ದಲ್ಲ ಅಂತ ಅಲ್ವಾ ನಿನ್ನ ಲೆಕ್ಕ" ಎಂದು ನಗುತ್ತಿದ್ದರು.

ಹೋದ ವರ್ಷ ನನ್ನ ಗಂಡನ ಕಾಲು ಬಾತುಕೊಂಡಿತು. ಅವರಿಗೆ ಕಡಬದಲ್ಲಿ ಪಂಪ್ ರಿಪೇರಿಯ ಅಂಗಡಿ. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಊಟ ಸೇರುತ್ತಿರಲಿಲ್ಲ, ಪೆರಾಬೆಯ ನಮ್ಮ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಪುತ್ತೂರಿಗೆ ಕರೆದುಕೊಂಡು ಹೋದೆವು, ಅತ್ತೆಯೂ ಬಂದರು. ಅಲ್ಲಿ ದರ್ಬೆಯ ಆಸ್ಪತ್ರೆಯಲ್ಲಿ ಡಾಕ್ಟರು ರಕ್ತದ ವರದಿ ನೋಡಿ, ಕಿಡ್ನಿ ಬಹಳ ಸೋತಿದೆ ಎಂದರು. ಸಕ್ಕರೆಯಿಂದಲೇ ಹೀಗಾಗಿದ್ದರೆ ಹೋದ ಕಿಡ್ನಿ ಹಿಂದಕ್ಕೆ ಬರುವುದಿಲ್ಲ, ಬದುಕಿಡೀ ಡಯಾಲಿಸಿಸ್. ಬೇರೆ ಕಾರಣವಿದ್ದರೆ ಆಸೆ ಇಟ್ಟುಕೊಳ್ಳಬಹುದು.

ಆ ಕಾರಣ ಹುಡುಕಲು ಅವರು ಹೊಸ ವಿಧಾನವೊಂದನ್ನು ಪರೀಕ್ಷಿಸಿ ನೋಡುತ್ತಿದ್ದರು. ದೇಹ ತಿಂದದ್ದನ್ನು ಅರಗಿಸುವಾಗ ರಕ್ತದಲ್ಲೂ ಮೂತ್ರದಲ್ಲೂ ಉಳಿಯುವ ನೂರಾರು ಸಣ್ಣ ವಸ್ತುಗಳನ್ನು ಅಳೆದು ಕಂಪ್ಯೂಟರಿಗೆ ಕೊಡುವುದು. ಎಷ್ಟೋ ರೋಗಿಗಳ ಅಳತೆ ನೋಡಿ ಕಲಿತ ಅದು, ಇದು ಯಾವ ಕಾಯಿಲೆ ಇರಬಹುದು ಎಂದು ಹೇಳುತ್ತದೆ.

"ಬರೀ ಕಾಯಿಲೆ ಉಂಟು ಅಂದ್ರೆ ಸಾಕಾಗುದಿಲ್ಲ" ಎಂದರು ಡಾಕ್ಟರು. "ಇದು ಯಾಕೆ ಹಾಗೆ ಹೇಳಿದೆ ಅಂತಲೂ ತೋರಿಸ್ತದೆ. ಆಗ ಅದು ತಪ್ಪಿದ್ರೆ ನಮಗೆ ಗೊತ್ತಾಗ್ತದೆ."

ನನಗೆ ಇದು ಮೆಚ್ಚಿಗೆಯಾಯಿತು. ಕಾರಣ ಬರೆಯದ ಉತ್ತರಕ್ಕೆ ನಾನು ಮಕ್ಕಳಿಗೆ ಅರ್ಧ ಮಾರ್ಕೇ ಕೊಡುವುದು.

ವರದಿ ಬಂದ ದಿನ ಡಾಕ್ಟರು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಕಾಯಿಲೆಯ ಕಡೆಗೆ ಎಳೆಯುವ ವಸ್ತುಗಳಿಗೆ ಕೆಂಪು ಪಟ್ಟಿ, ಅದರಿಂದ ದೂರ ಎಳೆಯುವವಕ್ಕೆ ನೀಲಿ. ಸಕ್ಕರೆಗೆ ಸೇರಿದ ಕೆಂಪು ಪಟ್ಟಿ ಗಿಡ್ಡವಾಗಿತ್ತು. ಎಲ್ಲಕ್ಕಿಂತ ಉದ್ದದ್ದು ಆಕ್ಸಲೇಟಿನದು. ಕೆಲವು ಹುಳಿಕಾಯಿಗಳಲ್ಲಿ ಇರುವ, ಹೆಚ್ಚಾದರೆ ಕಿಡ್ನಿಯಲ್ಲಿ ಹರಳುಗಟ್ಟುವ ವಸ್ತು ಅದು.

"ಇದು ಎಲ್ಲಿಂದ ಬಂತು ಅಂತ ಯಂತ್ರಕ್ಕೆ ಗೊತ್ತಿಲ್ಲ, ನೀವೇ ಹೇಳ್ಬೇಕು. ಹುಳಿ ಎಂತದಾದ್ರೂ ಜಾಸ್ತಿ ತಿಂತಾರಾ?"

ನಾನು ಇಲ್ಲ ಎನ್ನುವಷ್ಟರಲ್ಲಿ ಅತ್ತೆ ಬಾಯಿ ತೆರೆದರು. "ಬಿಂಬುಳಿ ರಸ ಕೊಡ್ತಾ ಇದ್ದೇನೆ ಡಾಕ್ಟ್ರೆ. ಖಾಲಿ ಹೊಟ್ಟೆಗೆ ಒಂದು ಗ್ಲಾಸು. ಕೊಲೆಸ್ಟ್ರಾಲಿಗೆ ಒಳ್ಳೆದಂತೆ, ಮರ್ಕಂಜದ ನನ್ನ ತಂಗಿ ಹೇಳಿದ್ದು." ಅವರ ದನಿಯಲ್ಲಿ ಹೆಮ್ಮೆ ಇತ್ತು.

ಬಿಂಬುಳಿ ಎಂದರೆ ಮರದ ಕಾಂಡಕ್ಕೇ ಗೊಂಚಲು ಹಿಡಿಯುವ ಹಸಿರು ಹುಳಿಕಾಯಿ. ಮೀನು ಸಾರಿಗೆ ನಾವು ನಾಲ್ಕು ಹಾಕುತ್ತೇವೆ. ರಸ ಹಿಂಡುವ ಕೆಲಸ ನಡೆಯುತ್ತಿದ್ದದ್ದು ನಾನು ಬೆಳಗಿನ ಬಸ್ಸಿಗೆ ಹೋದ ಮೇಲೆ, ನನ್ನ ಬಾಯಿಗೆ ಹೆದರಿ. ಗಂಡನ ಮುಖ ನೋಡಿದೆ. "ಅಮ್ಮ ಕೊಟ್ಟದ್ದು, ಬೇಡ ಅನ್ಲಿಕ್ಕೆ ಆಗ್ತದಾ" ಎಂದರು.

"ಸಾರಿಗೆ ಹಾಕುದಕ್ಕೆ ತೊಂದರೆ ಇಲ್ಲ ಅಮ್ಮ" ಎಂದು ಡಾಕ್ಟರು ಮೆಲ್ಲಗೆ ಹೇಳಿದರು. "ಗ್ಲಾಸುಗಟ್ಟಲೆ ರಸ, ಅದೂ ಸಕ್ಕರೆ ಇರುವವರಿಗೆ, ಆಗ್ಬಾರದು. ಆದ್ರೆ ಕಾರಣ ಇದೇ ಆದ್ರೆ ಒಂದು ಲೆಕ್ಕಕ್ಕೆ ಒಳ್ಳೆದೇ. ನಿಲ್ಲಿಸಿದ್ರೆ ಕಿಡ್ನಿ ವಾಪಸ್ ಬರ್ಲೂಬಹುದು."

ಅತ್ತೆಯ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷಗಳ ಜಗಳದಲ್ಲಿ ಅಂದು ನಾನು ಗೆದ್ದಿದ್ದೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ. ಆದರೆ ಅದೇ ಉದ್ದದ ಕೆಂಪು ಪಟ್ಟಿ ನಿಜವಾಗಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಲೂ ಇದ್ದೆ. ಗಂಡ ಉಳಿಯಬೇಕಾದರೆ ತಪ್ಪು ಅವರ ತಾಯಿಯ ಕೈಯದೇ ಆಗಿರಬೇಕಿತ್ತು. ಹಾಗೆ ಬೇಡಿಕೊಂಡದ್ದಕ್ಕೆ ನನಗೇ ಹೇಸಿಗೆಯಾಯಿತು.

ಸೂಜಿ ಹಾಕಿ ಕಿಡ್ನಿಯ ತುಣುಕು ತೆಗೆದು ನೋಡಿದಾಗಲೂ ಹರಳುಗಳೇ ಕಂಡವು. ಯಂತ್ರ ಹೇಳಿದ್ದು ಸರಿಯಾಗಿತ್ತು. ಕೆಲವು ಸಲ ಡಯಾಲಿಸಿಸ್ ಆಯಿತು, ಕಾಲಿನ ಬಾವು ಇಳಿಯಿತು. ಪೂರ್ತಿ ಸರಿಹೋಗುವುದೋ ಇಲ್ಲವೋ, ಡಾಕ್ಟರು ಮಾತು ಕೊಡಲಿಲ್ಲ. ಅತ್ತೆ ಮಗನಿಗೆ ತಾವೇ ಬಡಿಸುವುದನ್ನು ಬಿಟ್ಟರು. ಬಟ್ಟಲು ನನ್ನ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು. ನಾನು ಒಂದೆರಡು ಸಲ, ನೀವು ಬೇಕೆಂದು ಮಾಡಿದ್ದಲ್ಲವಲ್ಲ ಎಂದೆ. ಅದು ಅವರ ಕಿವಿಗೆ ಬೀಳಲಿಲ್ಲ.

ಒಂದು ದಿನ ಅವರೇ ಹೇಳಿದರು. "ಅವನಿಗೆ ಕೊಡುವಾಗೆಲ್ಲ ನಾನೂ ಸ್ವಲ್ಪ ಕುಡಿದಿದ್ದೇನೆ. ನನ್ನ ರಕ್ತವೂ ಆ ಯಂತ್ರಕ್ಕೆ ಹಾಕಿ ನೋಡ್ಲಿ."

ಮರುದಿನವೇ ಪುತ್ತೂರಿಗೆ ಕರೆದುಕೊಂಡು ಹೋದೆ. ಸೂಜಿ ಕಂಡರೆ ಓಡುವ ಹೆಂಗಸು ಅಂದು ತಾವಾಗಿ ತೋಳು ಚಾಚಿದರು.

ಅವರ ವರದಿಯಲ್ಲಿ ಹೆಚ್ಚಿನವು ನೀಲಿ ಪಟ್ಟಿಗಳೇ ಇದ್ದವು. "ನಿಮ್ಮ ಕಿಡ್ನಿ ಚಂದ ಉಂಟು ಅಮ್ಮ" ಎಂದರು ಡಾಕ್ಟರು. "ಕುಡಿದದ್ದು ಕಮ್ಮಿ, ಸಕ್ಕರೆಯೂ ಇಲ್ಲ. ತಡ್ಕೊಂಡಿದೆ."

"ಸರಿ ನೋಡಿದ್ರಾ? ಯಂತ್ರಕ್ಕೆ ತಪ್ಪುದಿಲ್ವಾ?"

ಹೆದರಿಕೆಯಿಂದ ಕೇಳುತ್ತಿದ್ದಾರೆ ಎಂದುಕೊಂಡು ಡಾಕ್ಟರು ಒಂದೊಂದೇ ಪಟ್ಟಿಗೆ ಬೆರಳಿಟ್ಟು ಕಾರಣ ವಿವರಿಸಿದರು. ಅತ್ತೆ ಕೊನೆಯವರೆಗೂ ಕೇಳಿದರು. ಹೊರಗೆ ಬಂದು ಬೆಂಚಿನಲ್ಲಿ ಕುಳಿತು, ಸೆರಗನ್ನು ಬಾಯಿಗೆ ಒತ್ತಿ ಅತ್ತರು.

"ನನ್ನದೂ ಹಾಳಾಗಿದ್ರೆ" ಎಂದರು, "ಅವನ ಮುಖ ನೋಡ್ಲಿಕ್ಕಾದ್ರೂ ಆಗ್ತಿತ್ತು."