ಚೀಟಿಯ ಕೊನೆಯ ಸಾಲು

ಕಿಸೀ ಪೇಟೆಯ ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದ ಕೆರುಬೊ ತೀರಿಕೊಂಡು ವರ್ಷವಾದರೂ, ಯಂತ್ರದಿಂದ ಅವಳ ಹೆಸರು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಪ್ರತಿ ಚೀಟಿಯ ಕೊನೆಗೂ ‘ನಿಮ್ಮ ಸೇವೆಯಲ್ಲಿ: ಕೆರುಬೊ’ ಎಂದೇ ಅಚ್ಚಾಗುತ್ತಿತ್ತು. ಆ ಒಂದು ಸಾಲಿಗಾಗಿ, ನೋಡಿ, ಅವಳ ತಾಯಿ ಬೊಸಿಬೊರಿ ದಿನವೂ ಒಂದು ಪೊಟ್ಟಣ ಉಪ್ಪು ಕೊಳ್ಳುತ್ತಿದ್ದಳು.

“ಏನಮ್ಮಾ, ಮನೇಲಿ ಸಮುದ್ರ ಮಾಡ್ತಿದೀರಾ?” ಒಂದು ದಿನ ಅಲ್ಲಿನ ಹೊಸ ಹುಡುಗಿ ನಕ್ಕಳು. “ಇವತ್ತಿಂದ ಚೀಟಿ ಇಲ್ಲ. ಬಿಲ್ಲು ಫೋನಿಗೇ ಬರುತ್ತೆ.”

ಬೊಸಿಬೊರಿ ಫೋನನ್ನು ಅವಳ ಕೈಗಿಟ್ಟಳು. “ಕೊನೇ ಸಾಲು ಓದು ಮಗಳೇ.”

“‘ಧನ್ಯವಾದ, ಮತ್ತೆ ಬನ್ನಿ’ ಅಂತಿದೆ.”

“ಹೆಸರು?”

“ಇದ್ರಲ್ಲಿ ಯಾರ ಹೆಸರೂ ಬರಲ್ಲಮ್ಮ.”

ಉಪ್ಪನ್ನು ಅಲ್ಲೇ ಬಿಟ್ಟು ಬೊಸಿಬೊರಿ ಮನೆಗೆ ಬಂದಳು. ಡಬ್ಬಿ ತೆರೆದು ಹಳೆಯ ಚೀಟಿಗಳನ್ನೆಲ್ಲ ಹರವಿದಳು. ಮೊದಮೊದಲಿನವು ಆಗಲೇ ಅಕ್ಷರ ಮಾಸಿ ಬೆಳ್ಳಗಾಗಿದ್ದವು.