ಚೆಂಬೂರು ಬಾಯಿ ಮುಚ್ಚಿದ ನಾಲ್ಕು ನಿಮಿಷ

ಮಗಳು ಮೊಬೈಲಿಗೆ ಹೊಸ ಆಟ ಇಳಿಸಿಕೊಳ್ಳುವಾಗಲೆಲ್ಲ ನಾನು ಮಾತು ನಿಲ್ಲಿಸಿಬಿಡುತ್ತೇನೆ. ಫ್ಯಾನು ಆರಿಸಿದ್ದೂ ಉಂಟು. "ಪಪ್ಪಾ, ಡೌನ್‌ಲೋಡ್‌ಗೆ ಕಿವಿ ಇರಲ್ಲ" ಎಂದು ಅವಳು ನಗುತ್ತಾಳೆ. ಈಗ ಇಲ್ಲ, ನಿಜ. ನನ್ನ ಕಾಲದಲ್ಲಿ ಇತ್ತು. ಅದೂ ಬಹಳ ಚುರುಕು ಕಿವಿ.

ಆಗ ನಾವು ಮುಂಬಯಿಯ ಚೆಂಬೂರಿನಲ್ಲಿ, ಗೋಡೆಗೆ ಗೋಡೆ ಅಂಟಿದ ಒಂದೊಂದು ಕೋಣೆಯ ಮನೆಗಳ ಚಾಳೊಂದರಲ್ಲಿದ್ದೆವು. ಪರದೇಶದಿಂದ ಬಂದ ಸೋದರಮಾವ ನನಗೊಂದು ಕಂಪ್ಯೂಟರು ತಂದುಕೊಟ್ಟರು. ಕಂಪ್ಯೂಟರೆಂದರೆ ಬರೀ ಒಂದು ಕೀಲಿಮಣೆ. ಅದನ್ನು ಟಿ.ವಿ.ಗೆ ಸಿಕ್ಕಿಸಿ, ಬೆಳಗ್ಗೆ ದೇವರನಾಮ ಹಾಡುವ ಟೇಪ್‌ರೆಕಾರ್ಡರನ್ನು ಜೋಡಿಸಬೇಕು. ಏಕೆಂದರೆ ಆ ಕಾಲದ ಆಟಗಳು ಇರುತ್ತಿದ್ದುದು ಕ್ಯಾಸೆಟ್ಟಿನಲ್ಲಿ, ಬರೀ ಸದ್ದಾಗಿ. ಕೀಂ, ಕರ್ರ್, ಕೀಂ ಎಂಬ ಕಿರುಚಾಟವನ್ನು ಕಂಪ್ಯೂಟರು ನಾಲ್ಕು ನಿಮಿಷ ಕೇಳಿಸಿಕೊಂಡು, ಒಪ್ಪಿಗೆಯಾದರೆ ಆಟ ತೋರಿಸುತ್ತಿತ್ತು. ನಡುವೆ ಒಂದು ಸ್ವರ ತಪ್ಪಿದರೂ ಮುನಿಸು. ಅಷ್ಟು ಕಟ್ಟುನಿಟ್ಟಿನ ರಸಿಕರನ್ನು ನಾನು ಮಾಟುಂಗಾದ ಸಂಗೀತ ಕಛೇರಿಗಳಲ್ಲೂ ಕಂಡಿಲ್ಲ.

ಕಂಪ್ಯೂಟರಿತ್ತು, ಆಟ ಇರಲಿಲ್ಲ. ಪಕ್ಕದ ಕಾಲೊನಿಯ ಸಹಪಾಠಿ ಸುಧೀರನಲ್ಲಿ ಒಂದು ವಿಮಾನದ ಆಟವಿತ್ತು. ಅವನ ತಂದೆಗೆ ನಾಗಪುರಕ್ಕೆ ವರ್ಗವಾಗಿ, ಆ ಭಾನುವಾರ ಸಂಜೆಯೇ ಹೊರಡುವವರಿದ್ದರು. "ಐದು ಗಂಟೆಗೆ ವಾಪಸ್ ಬೇಕು" ಎಂದು ಕ್ಯಾಸೆಟ್ಟು ಕೊಟ್ಟ. ನಕಲು ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ.

ನಕಲಿಗೆ ನಮಗೆ ಗೊತ್ತಿದ್ದುದು ಒಂದೇ ದಾರಿ. ಸಿನಿಮಾ ಹಾಡಿಗೆ ಮಾಡುತ್ತಿದ್ದ ಹಾಗೆ, ಕೆಳಗಿನ ಮನೆಯಿಂದ ಇನ್ನೊಂದು ಟೇಪ್‌ರೆಕಾರ್ಡರು ತಂದು, ಎರಡನ್ನೂ ಎದುರುಬದುರು ಕೂರಿಸಿ, ಒಂದು ಹಾಡಿದ್ದನ್ನು ಇನ್ನೊಂದಕ್ಕೆ ಕೇಳಿಸುವುದು. ಹಾಡಿನ ನಡುವೆ ಯಾರಾದರೂ ಕೆಮ್ಮಿದರೆ ಏನೂ ಕೆಡದು. ಇಲ್ಲಿ ಕೆಮ್ಮಿದರೆ ವಿಮಾನವೇ ಹಾರದು. ಅಂತೂ ಬೇಕಾದದ್ದು ನಾಲ್ಕು ನಿಮಿಷದ ನಿಶ್ಶಬ್ದ, ಅದೂ ಭಾನುವಾರ ಮಧ್ಯಾಹ್ನದ ಚಾಳಿನಲ್ಲಿ!

ಮೊದಲ ಸಲ ಮೂರನೇ ನಿಮಿಷಕ್ಕೆ ಕುಕ್ಕರ್ ಕೂಗಿತು. "ಅಯ್ಯೋ, ಮರ್ತೇಬಿಟ್ಟೆ ಕಣೋ" ಎಂದು ಅಮ್ಮ ಒಲೆ ಆರಿಸಿದಳು. ಆಟವೆಂದರೆ ಮುಖ ಸಿಂಡರಿಸುತ್ತಿದ್ದ ಅಪ್ಪನಿಗೂ ಈಗ ಹಟ ಬಂತು. ಮನೆಮನೆಗೂ ಹೋಗಿ, "ಪಾಂಚ್ ಮಿನಿಟ್ ಆವಾಜ್ ಮತ್ ಕರೋ, ಕಂಪ್ಯೂಟರ್ ಕಾ ಕಾಮ್ ಹೈ" ಎಂದು, ಐದು ನಿಮಿಷ ಸದ್ದು ಮಾಡಬೇಡಿರೆಂದು ಕೈಮುಗಿದು ಬಂದರು. ಕಂಪ್ಯೂಟರ್ ಎಂದರೆ ಆಗ ದೇವರಷ್ಟೇ ಮರ್ಯಾದೆ. ರೇಡಿಯೊಗಳು ನಿಂತವು, ಜಗಳಗಳೂ ನಿಂತವು.

ಎರಡನೇ ಸಲ ಆ ಮೌನವೇ ಮುಳುವಾಯಿತು. ಆಗಷ್ಟೇ ಮಾರ್ಕೆಟ್ಟಿನಿಂದ ಬಂದ ಪಕ್ಕದ ಮನೆಯ ಶಾಂತಾಬಾಯಿ ನಮ್ಮ ಚಾಳು ಇಷ್ಟು ತೆಪ್ಪಗಿರುವುದನ್ನು ಎಂದೂ ಕಂಡವರಲ್ಲ. ಬಾಗಿಲಿಗೆ ಓಡಿಬಂದು, "ಅಗ ಬಾಯಿ, ಕೋಣ್ ಗೇಲಂ?" ಎಂದು ಗೋಳಾಡಿದರು. ಯಾರು ಹೋದರು ಎಂದು! ಯಾರೂ ಹೋಗಿರಲಿಲ್ಲ, ನನ್ನ ಆಟವೊಂದು ಬಿಟ್ಟು.

ಗಂಟೆ ನಾಲ್ಕೂಮುಕ್ಕಾಲು. ನನಗೆ ಅಳುವೇ ಬಂತು. ವಿಷಯ ತಿಳಿದ ಶಾಂತಾಬಾಯಿ, ನಾನು ನೋಡಿಕೊಳ್ಳುತ್ತೇನೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲ ಬಳಿ ನಿಂತರು. ಕೂಗಲು ಬಾಯಿ ತೆರೆದ ಹಳೆಪೇಪರಿನವನು ಅವರ ಕಣ್ಣು ಕಂಡು ಹಾಗೇ ಮುಚ್ಚಿಕೊಂಡ. ಒಂದು, ಎರಡು, ಮೂರು, ನಾಲ್ಕು. ಇಡೀ ಚಾಳಿನಲ್ಲಿ ಎರಡು ಯಂತ್ರಗಳು ಮಾತ್ರ ಮಾತಾಡಿಕೊಂಡವು.

ಸುಧೀರನ ಕ್ಯಾಸೆಟ್ಟು ಮರಳಿಸಿ ಓಡಿಬಂದು ನಕಲು ಹಾಕಿದೆ. ಹಾಗೆ ಗಾಳಿಯಲ್ಲಿ ಹಿಡಿದ ನಕಲು ಕೆಲಸ ಮಾಡುವುದೇ ಅನುಮಾನ ಎಂದು ತಿಳಿದವರು ಈಗ ಹೇಳುತ್ತಾರೆ. ಆಗ ನಮಗದು ತಿಳಿದಿರಲಿಲ್ಲ, ಹಾಗಾಗಿ ಕೆಲಸ ಮಾಡಿತು. ಕಪ್ಪು ಪರದೆಯ ಮೇಲೆ ಹಸಿರು ವಿಮಾನ ಮೂಡಿದ್ದೇ ತಡ, ಬಾಗಿಲು ಕಿಟಕಿ ತುಂಬ ನಿಂತಿದ್ದವರೆಲ್ಲ ಹೋ ಎಂದರು. ಅಪ್ಪ ಬೆನ್ನಿಗೆ ಗುದ್ದಿ, "ಭೇಷ್!" ಎಂದರು. ನನಗೆ ಹಿಡಿಸಲಾರದಷ್ಟು ಸಂತೋಷ.

ವಿಮಾನ ಅರ್ಧ ನಿಮಿಷಕ್ಕೇ ಗುಡ್ಡಕ್ಕೆ ಬಡಿಯಿತು. ಮುಂದೆ ಎಷ್ಟು ಆಡಿದರೂ ನಾನು ಎರಡನೇ ಹಂತ ದಾಟಲಿಲ್ಲ. "ಹಾಗಾದ್ರೆ ನಿಮ್ಮ ಹೈ ಸ್ಕೋರ್ ಎಷ್ಟು ಪಪ್ಪಾ?" ಎಂದು ಮಗಳು ಕೆಣಕುತ್ತಾಳೆ. ನಾಲ್ಕು ನಿಮಿಷ, ಎನ್ನುತ್ತೇನೆ. ಮುಂಬಯಿಯಲ್ಲಿ ಇದುವರೆಗೆ ಯಾರೂ ಅದನ್ನು ಮುರಿದಿಲ್ಲ.