ಕೀಸುಳಿಯ ಉಬ್ಬು

ಮಂಜಣ್ಣ, ಆಚಾರ್ರ ಅಪ್ಪನ ಕಾಲದ ಕೀಸುಳಿಯನ್ನು ಹಾಳು ಮಾಡಿದ್ದು ನೀನಲ್ಲ, ನಾನು. ಅಷ್ಟೇ ಆಗಿದ್ದರೆ ಬೈಸಿಕೊಂಡು ಮುಗಿಯುತ್ತಿತ್ತು — ಅದನ್ನು ನಿನ್ನ ತಲೆಗೆ ಕಟ್ಟಿದೆ. ನೇರವಾಗಿ ಸುಳ್ಳು ಹೇಳಲಿಲ್ಲ. ನಿನ್ನ ಹಾಗೆ ಮಾತಾಡಿದೆ.

ನನಗೆ ಗೊತ್ತಿರುವುದು ಮರ ಕೀಸುವುದು, ಮಂದಿಯನ್ನು ಅಣಕಿಸುವುದು. ಮೊದಲನೆಯದು ಅರ್ಧಂಬರ್ಧ. ಎರಡನೆಯದರಲ್ಲಿ ಮಾತ್ರ ಹೊಸನಗರ ಬಸ್ಸಿನ ಕಂಡಕ್ಟರಿನಿಂದ ಹಿಡಿದು, ಹೆಣ್ಣು ನೋಡಲು ಹೋಗಿ ಕಾಫಿ ಚೆಲ್ಲಿಕೊಂಡ ನನ್ನವರೆಗೆ ಯಾರನ್ನೂ ಬಿಟ್ಟವನಲ್ಲ. ಮೇಳಿಗೆಯ ಆಚಾರ್ರ ಮರಗೆಲಸದ ಶೆಡ್ಡಿನಲ್ಲಿ ನನ್ನನ್ನು ಇಟ್ಟುಕೊಂಡಿದ್ದೇ ಅದಕ್ಕೋ ಏನೋ.

ಹೊಸನಗರದ ಒಂದು ಮನೆಯ ಬಾಗಿಲ ಚೌಕಟ್ಟಿನ ಒಂದು ಕಾಲನ್ನು ಗೆದ್ದಲು ತಿಂದಿತ್ತು. ಹೊಸ ಕಾಲಿಗೂ ಹಳೆಯದರಂತೆ ಉದ್ದಕ್ಕೆ ದುಂಡು ತೋಡು ತೆಗೆಯಬೇಕು. ನೀನೊಬ್ಬನೇ ನಿಂತು ಮಾಡುವ ಮೊದಲ ಚೌಕಟ್ಟು ಅದು. ಅಟ್ಟದಲ್ಲಿದ್ದ ಮರದ ಕೀಸುಳಿಯ ಅಲಗಿನ ತುಕ್ಕು ತೆಗೆದು ಕೊಡುವುದಷ್ಟೇ ನನ್ನ ಪಾಲಿನದು; ನೀನು ಅದನ್ನು ನನಗೆ ಒಪ್ಪಿಸಿದ್ದು ಆಚಾರ್ರಿಗೆ ಗೊತ್ತಿರಲಿಲ್ಲ.

ಮೊಬೈಲಿನಲ್ಲಿ ನೋಡಿದ್ದೆ — ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಉಜ್ಜಿದರೆ ಹಳೇ ಕೀಸುಳಿಯ ತಳ ಸಪಾಟಾಗುತ್ತದೆ. ಇದರ ತಳ ಉಬ್ಬಿತ್ತು. ಸವೆದು ಹಾಗಾಗಿದೆ ಎಂದುಕೊಂಡು ಉಜ್ಜಿದೆ. ಅಲಗಿನ ಅಂಚೂ ಬಾಗಿತ್ತು, ಅದನ್ನೂ ನೆಟ್ಟಗೆ ಮಸೆದೆ. ಆ ಉಬ್ಬಿನಿಂದಲೇ ತೋಡು ಬರುವುದೆಂದು ಹೊಳೆಯಲೇ ಇಲ್ಲ. ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತೇ? ಇತ್ತು. ಉಜ್ಜುವಾಗ ಇರಲಿಲ್ಲ, ನಂಬು — ಬೇಡ, ನಂಬಬೇಡ.

ಬೆಳಿಗ್ಗೆ ಆಚಾರ್ರು ತಳದ ಮೇಲೆ ಕೈಯಾಡಿಸಿ ಕೇಳಿದರು, "ಯಾರು ಮಾಡಿದ್ದು ಇದು?"

ನಾನು ನಿನ್ನ ಹಾಗೆ ಕತ್ತು ವಾಲಿಸಿ ಉಗ್ಗಿದೆ. "ಹೊ... ಹೊಟ್ಟೆ ಬಂದಿತ್ತು ಆಚಾರ್ರೇ, ಒಂಚೂರು ಕ... ಕರಗಿಸ್ದೆ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ನೀನು ಬಾಯಿ ತೆರೆದೆ — "ನಾ... ನಾನ..." ಅದು ನನ್ನ ಅಣಕದ ಮುಂದಿನ ಸಾಲಿನಂತೆಯೇ ಕೇಳಿಸಿತು. ಇನ್ನೂ ನಕ್ಕರು. ಆ ಮಾತು ಮುಗಿಯಲೇ ಇಲ್ಲ.

"ನಗಾಡದು ಸಾಕು," ಎಂದರು ಆಚಾರ್ರು. "ನನ್ನಪ್ಪ ಹಿಡಿದ ಕೀಸುಳಿ ಅದು. ಮಂಜ, ನಿನ್ನ ಚೀಲ ತಗಂಡು ನಡಿ."

ಸಿಟ್ಟು ಬರುತ್ತದೆ. ನಕ್ಕವರ ಮೇಲೆ. ಒಂದು ಮಾತು ಮುಗಿಯುವ ತನಕ ಕಾಯದ ಆಚಾರ್ರ ಮೇಲೆ. ನನ್ನ ಕೆನ್ನೆಗೆ ಬಾರಿಸದೆ ಚೀಲ ಎತ್ತಿಕೊಂಡ ನಿನ್ನ ಮೇಲೂ. ಎಷ್ಟು ಹಂಚಿದರೂ ಉಳಿದದ್ದೆಲ್ಲ ನನ್ನದೇ — ನಿನ್ನ ಗಂಟಲನ್ನು ಕದ್ದು, ನಿನಗೇ ಮಾತಿಲ್ಲದಂತೆ ಮಾಡಿದ ನಾಲಿಗೆ ಇದು. ಆಮೇಲೂ ಇಷ್ಟು ವರ್ಷ ಅದೇ ನಾಲಿಗೆಯಲ್ಲಿ ಊರು ನಗಿಸಿಕೊಂಡಿದ್ದೆ.

ಮೊನ್ನೆ ಸಾಗರದ ಪ್ಲೈವುಡ್ ಅಂಗಡಿಯಲ್ಲಿ ನೀನು ಹಲಗೆ ಹೊರುತ್ತಿದ್ದೆ. ಕೀಸುವ ಅಗತ್ಯವೇ ಇಲ್ಲದ ಹಲಗೆ. ನನ್ನನ್ನು ಕಂಡು ಕೇಳಿದ್ದು ಒಂದೇ, "ಆ ಕೀ... ಕೀಸುಳಿ ಸರಿ ಆಯ್ತೇನೋ?"

ಶೆಡ್ಡಿಗೆ ವಾಪಸ್ ಬಂದವನೇ ಅದನ್ನು ಅಟ್ಟದಿಂದ ಇಳಿಸಿದೆ. ತಳವನ್ನು ಮತ್ತೆ ದುಂಡಗೆ ಕೀಸಿ, ಅಲಗಿನ ಅಂಚನ್ನೂ ಮೊದಲಿನಂತೆ ಬಾಗುವ ಹಾಗೆ ಮಸೆದೆ. ತಳ ತೆಳುವಾದಷ್ಟೂ ಅಲಗು ಇಣುಕುವ ಬಾಯಿ ಅಗಲವಾಗಿ, ಮರ ಕಿತ್ತು ಬರತೊಡಗಿತು. ಬಾಯಿಗೆ ಬೀಟೆ ಮರದ ತುಂಡೊಂದನ್ನು ಕೂಡಿಸಿದೆ. ಈಗ ತೋಡು ಬರುತ್ತದೆ. ತೇಪೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಇವತ್ತು ಶೆಡ್ಡಿನಲ್ಲಿ ಎಲ್ಲರೆದುರು ಹೇಳಿದೆ, "ಇದನ್ನ ಹಾಳು ಮಾಡಿದ್ದು ನಾನು."

"ಇದು ಯಾರ ಮಿಮಿಕ್ರಿನೋ, ಗೊತ್ತೇ ಆಗ್ಲಿಲ್ಲ," ಎಂದು ಒಬ್ಬ ನಕ್ಕ.

ನಗು ನಿಲ್ಲುವವರೆಗೂ ಅದನ್ನೇ ಹೇಳಿದೆ. ಆಚಾರ್ರು ತೇಪೆಯನ್ನು ಸವರುತ್ತ ಕೂತರು. ಕಡೆಗೆ, "ಮಂಜಂಗೆ ಹೇಳಿದ್ಯಾ?" ಎಂದರು.

ಇಲ್ಲ.

ನಾಳೆ ಸಾಗರಕ್ಕೆ ಬರುತ್ತೇನೆ. ಇಲ್ಲಿ ಬರೆದದ್ದನ್ನು ನಿನ್ನ ಅಂಗಡಿಯವರೆದುರೇ ಹೇಳುತ್ತೇನೆ. ಆಮೇಲೆ ನೀನು ಅವತ್ತಿನ ಮಾತನ್ನು ಶುರು ಮಾಡು. ಎಷ್ಟು ಹೊತ್ತಾದರೂ ಸರಿ, ಮುಗಿಯುವ ತನಕ ನಾನು ಬಾಯಿ ತೆರೆಯುವುದಿಲ್ಲ.